ಕಾಲು ಅಲ್ಲಾಡಿತು, ಆಮೇಲೆ?

ಕೇಳುಗರಿಗೆ ನಮಸ್ಕಾರ.

ಬೆನ್ನುಹುರಿಗೆ ಪೆಟ್ಟಾದವನ ಆಪರೇಷನ್ ಮುಗಿಸಿ ಥಿಯೇಟರಿನಿಂದ ಹೊರಗೆ ಬಂದ ಸರ್ಜನ್ "ಆಪರೇಷನ್ ಚೆನ್ನಾಗಿ ಆಯ್ತು" ಅನ್ನುತ್ತಾರೆ. ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತ ಮನೆಯವರ ಕಿವಿಗೆ ಅದು "ಇನ್ನು ಎದ್ದು ನಡೀತಾನೆ" ಅಂತ ಬೀಳುತ್ತದೆ. ಇಬ್ಬರದೂ ತಪ್ಪಲ್ಲ. ಆದರೆ ಮುಂದಿನ ತಿಂಗಳುಗಳ ಸಾಲ, ಜಗಳ, ನಿರಾಸೆಯ ಬಹುಪಾಲು ಹುಟ್ಟುವುದು ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿ.

ಬೆನ್ನೆಲುಬು ಮುರಿದಾಗ ಮಾಡುವ ಆಪರೇಷನ್ನಿಗೆ ಇರುವುದು ಎರಡೇ ಕೆಲಸ. ಸರಿದ ಮೂಳೆಯನ್ನು ಸ್ಕ್ರೂ, ರಾಡ್ ಹಾಕಿ ಅಲುಗದಂತೆ ನಿಲ್ಲಿಸುವುದು ಒಂದು. ಒಳಗಿನ ಬೆನ್ನುಹುರಿಯನ್ನು ಒತ್ತುತ್ತಿರುವ ಮೂಳೆ ಚೂರು, ಡಿಸ್ಕು, ಹೆಪ್ಪುಗಟ್ಟಿದ ರಕ್ತವನ್ನು ತೆಗೆಯುವುದು ಇನ್ನೊಂದು. ಹುರಿಯನ್ನೇ ಹೊಲಿದು ಜೋಡಿಸುವ ಆಪರೇಷನ್ ಇವತ್ತಿಗೂ ಇಲ್ಲ. ಮೂಳೆ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಹುರಿಯ ಲೆಕ್ಕವೇ ಬೇರೆ.

ಮುಂಬಯಿಯ ಸಾಯನ್, ಕೆಇಎಂ, ನಾಯರ್ ಆಸ್ಪತ್ರೆಗಳಿಗೆ, ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಇಂಥ ಪೆಟ್ಟಿನಿಂದ ಬರುವವರಲ್ಲಿ ನಮ್ಮವರೂ ಇದ್ದಾರೆ. ಸಾರ್ವೆಯಿಂದ ಬಿದ್ದ ವಿಜಯಪುರ, ಕಲಬುರಗಿ ಕಡೆಯ ಗಾರೆ ಕೆಲಸದವರು, ಲೋಕಲ್ ಗಾಡಿಯ ಬಾಗಿಲಿನಿಂದ ಜಾರಿದ ಹುಡುಗರು, ನಡುರಾತ್ರಿ ಹೋಟೆಲು ಮುಚ್ಚಿ ಬೈಕಿನಲ್ಲಿ ಮನೆಗೆ ಹೊರಟವರು. ರೌಂಡಿಗೆ ಬಂದ ಡಾಕ್ಟರಿಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಯಾವಾಗ ನಡೀತಾರೆ?" ಸಿಗುವುದು ಒಂದೇ ಉತ್ತರ: "ನೋಡೋಣ." ಈ ಪ್ರಶ್ನೆಯ ಬದಲು ಬೇರೆ ಎರಡು ಕೇಳಿ. ಪೆಟ್ಟು ಯಾವ ಮಟ್ಟದಲ್ಲಿ? ಗ್ರೇಡ್ ಯಾವುದು? ಇವಕ್ಕೆ "ನೋಡೋಣ" ಅಂತ ತೇಲಿಸಿ ಹೋಗಲು ಬರುವುದಿಲ್ಲ.

ಮಟ್ಟ ಅಂದರೆ ಫೈಲಿನಲ್ಲಿ ಸಿ5, ಡಿ12, ಎಲ್1 ಅಂತ ಬರೆದಿರುತ್ತದಲ್ಲ, ಅದು. ಸಿ ಕುತ್ತಿಗೆ, ಡಿ ಎದೆಯ ಹಿಂಭಾಗ, ಎಲ್ ಸೊಂಟ. ಕೆಲವರು ಡಿ ಬದಲು ಟಿ ಬರೆಯುತ್ತಾರೆ, ಎರಡೂ ಒಂದೇ. ಮುರಿದ ಮೂಳೆಯ ನಂಬರೂ ನರ ಕೆಲಸ ಮಾಡುತ್ತಿರುವ ಕೊನೆಯ ಮಟ್ಟದ ನಂಬರೂ ಒಂದೇ ಆಗಿರಬೇಕೆಂದಿಲ್ಲ. ಮನೆಯವರಿಗೆ ಬೇಕಾದದ್ದು ಎರಡನೆಯದು. ಇನ್ನೊಂದು ವಿಷಯ: ಹುರಿ ಸೊಂಟದ ಎಲ್1–ಎಲ್2 ಹತ್ತಿರ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಗಳ ಗೊಂಚಲು. ಅಲ್ಲಿ ಬಿದ್ದ ಪೆಟ್ಟು ಹುರಿಗೆ ಬಿದ್ದ ಪೆಟ್ಟಿಗಿಂತ ಚೆನ್ನಾಗಿ ಸುಧಾರಿಸುವ ಸಾಧ್ಯತೆ ಇದೆ, ಆದರೆ ನಿಧಾನ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಸೊಂಟದಿಂದ ಮೀನಖಂಡದವರೆಗಿನ ದೂರಕ್ಕೆ ಎಷ್ಟು ತಿಂಗಳು ಬೇಕೆಂದು ನೀವೇ ಲೆಕ್ಕ ಹಾಕಬಹುದು.

ಗ್ರೇಡ್ ಎ ಇಂದ ಇ ವರೆಗೆ. ಮಟ್ಟದ ಸಿ, ಡಿ ಬೇರೆ, ಗ್ರೇಡಿನ ಸಿ, ಡಿ ಬೇರೆ. ಇದು ಅಮೆರಿಕದ ಸ್ಪೈನಲ್ ಇಂಜುರಿ ಅಸೋಸಿಯೇಷನ್ ರೂಪಿಸಿ ಲೋಕವೆಲ್ಲ ಒಪ್ಪಿಕೊಂಡ ಅಳತೆ. ಇದನ್ನು ನಿರ್ಧರಿಸಲು ಡಾಕ್ಟರು ಗುದದ ಸುತ್ತ ಹತ್ತಿ ಮುಟ್ಟಿಸಿ, ಪಿನ್ನು ಚುಚ್ಚಿ, ಒಳಗೆ ಬೆರಳಿಟ್ಟು ಬಿಗಿಹಿಡಿಯಲು ಹೇಳುತ್ತಾರೆ. ಮನೆಯವರಿಗೆ ಮುಜುಗರ. ಕಾಲಿಗೆ ಪೆಟ್ಟಾದರೆ ಅಲ್ಲೇಕೆ ನೋಡುತ್ತಾರೆ ಅಂತ ಸಿಟ್ಟೂ ಬರುತ್ತದೆ. ಆದರೆ ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಹುರಿಯ ಕಟ್ಟಕಡೆಯ ನರಗಳು ಅಲ್ಲಿಗೆ ಹೋಗುತ್ತವೆ. ಅಲ್ಲಿ ಸ್ವಲ್ಪ ಅರಿವಿದ್ದರೂ ಪೆಟ್ಟು ಬಿದ್ದ ಜಾಗವನ್ನು ದಾಟಿ ಯಾವುದೋ ಎಳೆ ಉಳಿದಿದೆ ಎಂದರ್ಥ. ಏನೂ ಇಲ್ಲದಿದ್ದರೆ ಎ, ಅಂದರೆ ಪೂರ್ಣ. ಅರಿವು ಮಾತ್ರ ಇದ್ದು ಚಲನೆ ಇಲ್ಲದಿದ್ದರೆ ಬಿ. ಚಲನೆ ಇದ್ದೂ ಸ್ನಾಯುಗಳಲ್ಲಿ ಬಲ ಸಾಲದಿದ್ದರೆ ಸಿ. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಸ್ನಾಯುಗಳು ಭೂಮಿಯ ಸೆಳೆತ ಮೀರಿ ಎದ್ದರೆ ಡಿ. ಇ ಅಂದರೆ ಮೊದಲಿನಂತೆ.

ಎ ಇದ್ದವರಲ್ಲಿ ಒಂದು ವರ್ಷದೊಳಗೆ ಮೇಲಿನ ಗ್ರೇಡಿಗೆ ಏರುವವರು ಹತ್ತರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಏರಿದವರೆಲ್ಲ ನಡೆಯುತ್ತಾರೆ ಅಂತಲೂ ಅಲ್ಲ. ಬಿ ಇದ್ದವರಲ್ಲಿ ಗುದದ ಹತ್ತಿರ ಪಿನ್ನಿನ ಚುಚ್ಚು ಗೊತ್ತಾಗುತ್ತಿದ್ದರೆ ಆಸೆ ಬಹಳ ಹೆಚ್ಚು. ಯಾಕೆಂದರೆ ಚುಚ್ಚಿನ ಅರಿವನ್ನು ಒಯ್ಯುವ ಎಳೆಗಳೂ ಚಲನೆಯನ್ನು ತರುವ ಎಳೆಗಳೂ ಹುರಿಯಲ್ಲಿ ಅಕ್ಕಪಕ್ಕದಲ್ಲಿವೆ. ಸಿ ಇದ್ದು ವಯಸ್ಸು 50ರ ಒಳಗಿದ್ದರೆ ಹೆಚ್ಚಿನವರು ಆಧಾರ ಹಿಡಿದೋ ಹಿಡಿಯದೆಯೋ ನಡೆಯುತ್ತಾರೆ. ವಯಸ್ಸಾದವರಲ್ಲಿ ಈ ಪ್ರಮಾಣ ಇಳಿಯುತ್ತದೆ. ಡಿ ಇದ್ದವರ ಬಗ್ಗೆ ಧೈರ್ಯವಾಗಿರಬಹುದು.

ಇಲ್ಲೊಂದು ಎಚ್ಚರಿಕೆ ಬೇಕು. ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಹುರಿ ಸ್ತಬ್ಧವಾಗಿರುತ್ತದೆ. ಇದಕ್ಕೆ ಸ್ಪೈನಲ್ ಶಾಕ್ ಅನ್ನುತ್ತಾರೆ. ಆಗ ಕಾಲು ಬಟ್ಟೆಯ ಹಾಗೆ ಜೋಲುತ್ತದೆ, ಮೊಣಕಾಲಿಗೆ ಬಡಿದರೂ ಅಲುಗುವುದಿಲ್ಲ. ಕ್ಯಾಶುವಾಲಿಟಿಯಲ್ಲಿ ಅದೇ ರಾತ್ರಿ ಬರೆದ ಗ್ರೇಡನ್ನು ಹಿಡಿದು ಅಳುವುದೂ ಬೇಡ, ಕುಣಿಯುವುದೂ ಬೇಡ. 72 ಗಂಟೆಯ ಹೊತ್ತಿಗೆ ಮಾಡಿದ ಪರೀಕ್ಷೆ ಹೆಚ್ಚು ನಂಬುವಂಥದ್ದು. ಅದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ತಾರೀಖು ಸಮೇತ ಬರೆಸಿಕೊಳ್ಳಿ. ಮೂರು ತಿಂಗಳ ನಂತರ ಯಾರಾದರೂ "ಸುಧಾರಣೆ ಇದೆ" ಅಂದರೆ ಯಾವುದಕ್ಕೆ ಹೋಲಿಸಿ ಅಂತ ಕೇಳಲು ಆ ಒಂದು ಸಾಲು ಬೇಕಾಗುತ್ತದೆ.

ಈಗ ಮನೆಗೆ ಬಂದ ಮೇಲಿನ ಮಾತು. ಆರನೆಯ ವಾರವೋ ಎಂಟನೆಯ ವಾರವೋ, ಬೆಳಿಗ್ಗೆ ಚಾದರ ಎಳೆದಾಗ ಕಾಲು ತಟ್ಟನೆ ಜಿಗಿಯುತ್ತದೆ. "ಅತ್ತೆ, ಇಲ್ಲಿ ಬನ್ನಿ, ಕಾಲು ಅಲ್ಲಾಡ್ತು!" ಮನೆಯೆಲ್ಲ ಸೇರುತ್ತದೆ. ಊರಿಗೆ ಫೋನು ಹೋಗುತ್ತದೆ. ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಾರೆ.

ಹೆಚ್ಚಿನ ಸಲ ಅದು ಸ್ಪಾಸಮ್, ಸೆಳೆತ. ಸ್ಪೈನಲ್ ಶಾಕ್ ಇಳಿದಾಗ ಪೆಟ್ಟಿನ ಕೆಳಗಿನ ಹುರಿ ಮೆದುಳಿನ ಹಿಡಿತವಿಲ್ಲದೆ ತಾನೇ ತಾನಾಗಿ ಪ್ರತಿಕ್ರಿಯಿಸಲು ಶುರುಮಾಡುತ್ತದೆ. ಪೂರ್ಣ ಪೆಟ್ಟಿನಲ್ಲೂ ಇದು ಬರುತ್ತದೆ. ನಿಜವಾದ ಚಲನೆಯೋ ಅಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಕಾಲನ್ನು ಮುಟ್ಟಬೇಡಿ, ಚಾದರ ಎಳೆಯಬೇಡಿ. ಸೆಳೆತ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಬಲಗಾಲ ಹೆಬ್ಬೆರಳು ಮೇಲೆತ್ತಲು ಹೇಳಿ. ಎತ್ತಿದರೆ, ಬಿಡಲು ಹೇಳಿ. ಮತ್ತೆ ಎತ್ತಲು ಹೇಳಿ. ಹೇಳಿದಾಗ ಶುರುವಾಗಿ, ಹೇಳಿದಾಗ ನಿಂತು, ಐದರಲ್ಲಿ ನಾಲ್ಕು ಸಲವಾದರೂ ಹಾಗೇ ಆದರೆ ಅದು ಮೆದುಳಿನಿಂದ ಬಂದದ್ದು. ಅದೇ ವಾರ ಡಾಕ್ಟರಿಗೆ ತೋರಿಸಿ. ಮುಟ್ಟಿದಾಗ ಮಾತ್ರ ಜಿಗಿದು, ಬೇಕೆಂದಾಗ ಬಾರದಿದ್ದರೆ ಅದು ಸೆಳೆತ. ರೋಗಿ ಕಣ್ಣು ಮುಚ್ಚಿಕೊಂಡಿದ್ದಾಗ ಯಾವ ಬೆರಳು ಮುಟ್ಟಿದೆ ಅಂತ ಕೇಳುವುದೂ ಒಳ್ಳೆಯ ಪರೀಕ್ಷೆ. ಆದರೆ ಮುಟ್ಟದೆಯೂ ಒಂದೆರಡು ಸಲ ಕೇಳಿ. ಆಸೆ ತುಂಬಿದ ಮನಸ್ಸು ಊಹಿಸಿ ಹೇಳುತ್ತದೆ, ಮೋಸ ಮಾಡಬೇಕೆಂದಲ್ಲ.

ಮನೆಯವರು ಬಹಳ ಸಲ ತಪ್ಪು ಓದುವುದು ಇಲ್ಲಿಯೇ. ಇದ್ದಕ್ಕಿದ್ದಂತೆ ಸೆಳೆತ ಜಾಸ್ತಿಯಾದರೆ ಸಂತೋಷಪಡುತ್ತಾರೆ. ವಾಸ್ತವದಲ್ಲಿ ಅದು ದೂರು. ನೋವು ಹೇಳಲಾರದ ದೇಹ ಸೆಳೆತದ ಮೂಲಕ ಹೇಳುತ್ತದೆ: ಮೂತ್ರದಲ್ಲಿ ಸೋಂಕು, ಕಟ್ಟಿಕೊಂಡ ಮಲ, ಪೃಷ್ಠದಲ್ಲಿ ಶುರುವಾದ ಹುಣ್ಣು, ಒಳಕ್ಕೆ ಬೆಳೆದ ಕಾಲ್ಬೆರಳ ಉಗುರು. ಸೆಳೆತ ಹೆಚ್ಚಾದ ದಿನ ಫೋನು ಮಾಡುವ ಮುಂಚೆ ಮಗ್ಗುಲು ತಿರುಗಿಸಿ ಚರ್ಮ ನೋಡಿ, ಕ್ಯಾಥೆಟರ್ (ಮೂತ್ರದ ನಳಿಗೆ) ನೋಡಿ, ಜ್ವರ ನೋಡಿ.

ಎಷ್ಟು ದಿನ ಕಾಯಬೇಕು? ನರಗಳ ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಅತಿ ವೇಗ. ಒಂಬತ್ತು ತಿಂಗಳ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಒಂದೂವರೆ ವರ್ಷದವರೆಗೆ ಸಣ್ಣ ಸಣ್ಣದಾಗಿ ನಡೆಯಬಹುದು. ಇದು ನರದ ಗಡುವು, ಮನುಷ್ಯನ ಗಡುವಲ್ಲ. ಉಳಿದ ಸ್ನಾಯುವಿನಿಂದ ಏನೇನು ಮಾಡಬಹುದು ಅನ್ನುವ ಕಲಿಕೆಗೆ ಕೊನೆಯ ತಾರೀಖಿಲ್ಲ.

ಕುತ್ತಿಗೆಗೆ ಪೆಟ್ಟಾದವರ ಮನೆಯವರು ಸ್ವಲ್ಪ ಹತ್ತಿರ ಬಂದು ಕೇಳಿ. ಪೂರ್ಣ ಪೆಟ್ಟಿನಲ್ಲೂ ಬಹಳಷ್ಟು ಜನರಿಗೆ ಒಂದು ಮಟ್ಟ ಕೆಳಗೆ ಬಲ ಮರಳುತ್ತದೆ. ಎಲ್ಲರ ಕಣ್ಣೂ ಕಾಲಿನ ಮೇಲೆ ಇರುವುದರಿಂದ ಇದು ಗಮನಕ್ಕೇ ಬರುವುದಿಲ್ಲ. ಸಿ5 ಇದ್ದವರಿಗೆ ಮೊಣಕೈ ಮಡಚಲು ಬರುತ್ತದೆ, ಅಷ್ಟೇ. ಸಿ6 ಬಂದರೆ ಮಣಿಕಟ್ಟು ಮೇಲೆತ್ತಲು ಬರುತ್ತದೆ. ಮಣಿಕಟ್ಟು ಎತ್ತಿದಾಗ ಬಲವಿಲ್ಲದ ಬೆರಳುಗಳು ತಮ್ಮಷ್ಟಕ್ಕೆ ಮಡಚಿ, ಹೆಬ್ಬೆರಳು ತೋರುಬೆರಳಿಗೆ ತಾಗುತ್ತದೆ. ಈ ಹಿಡಿತದಲ್ಲಿ ಚಮಚ, ಬ್ರಶ್ಶು, ಮೊಬೈಲು ಹಿಡಿಯಬಹುದು. ಇದು ಕೆಲಸ ಮಾಡುವುದು ಬೆರಳು ಮಡಚುವ ಸ್ನಾಯುರಜ್ಜುಗಳು ಸ್ವಲ್ಪ ಬಿಗಿಯಾಗಿದ್ದರೆ ಮಾತ್ರ. ಒಳ್ಳೆಯದಾಗಲಿ ಅಂತ ದಿನವೂ ಅಂಗೈಯನ್ನು ಚಪ್ಪಟೆಯಾಗಿ ಬಿಡಿಸಿ, ಮಣಿಕಟ್ಟನ್ನೂ ಬೆರಳನ್ನೂ ಒಟ್ಟಿಗೆ ಹಿಂದಕ್ಕೆ ಎಳೆದರೆ ಆ ಬಿಗಿ ಹೋಗುತ್ತದೆ, ಹಿಡಿತವೂ ಹೋಗುತ್ತದೆ. ನಿಯಮ ಸರಳ: ಮಣಿಕಟ್ಟು ಹಿಂದಕ್ಕೆ ಬಾಗಿಸುವಾಗ ಬೆರಳು ಮಡಚಿರಲಿ; ಬೆರಳು ಬಿಡಿಸುವಾಗ ಮಣಿಕಟ್ಟು ಮುಂದಕ್ಕೆ ಬಾಗಿರಲಿ. ನರ್ಸಿಂಗ್ ಬ್ಯೂರೋದಿಂದ ಆರೈಕೆಗೆ ಬಂದ ಮಾವಶಿಗೂ (ಆಯಾ) ವಾರ್ಡ್‌ಬಾಯ್‌ಗೂ ಇದನ್ನು ಮೊದಲ ದಿನವೇ ತೋರಿಸಿಕೊಡಿ. ಹಾಗೆಯೇ ಎಬ್ಬಿಸುವಾಗ ತೋಳು ಹಿಡಿದು ಎಳೆಯಬಾರದು. ಬಲವಿಲ್ಲದ ಭುಜ ಕೀಲಿನಿಂದ ಜಾರುತ್ತದೆ.

ಇನ್ನು ಊರಿನಿಂದ ಬರುವ ಸಲಹೆಗಳು. "ನಮ್ಮ ಕಡೆ ಒಬ್ಬರಿಗೆ ಲಕ್ವ ಹೊಡೆದು ಎಣ್ಣೆ ತಿಕ್ಕಿಸಿ ಮೂರು ತಿಂಗಳಲ್ಲಿ ನಡೆದಾಡಿದರು" ಅನ್ನುತ್ತಾರೆ. ಲಕ್ವ ಮೆದುಳಿನದು. ಅಲ್ಲಿ ಪೆಟ್ಟಾದ ಭಾಗದ ಕೆಲಸವನ್ನು ಪಕ್ಕದ ಭಾಗ ಕಲಿತುಕೊಳ್ಳಲು ಜಾಗವಿದೆ. ಕಿರುಬೆರಳಷ್ಟು ದಪ್ಪದ ಹುರಿಯಲ್ಲಿ ಹಾಗೆ ಜಾಗವಿಲ್ಲ. ತಿಕ್ಕುವುದರ ಅಪಾಯವೂ ಚಿಕ್ಕದಲ್ಲ. ಮೊದಲ ಮೂರು ತಿಂಗಳು ಅಲುಗದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಅದನ್ನು ತಿಕ್ಕಲೇಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ನೇರ ಆಸ್ಪತ್ರೆಗೆ ಹೋಗಿ. ಬಿಸಿ ಎಣ್ಣೆ, ಬಿಸಿನೀರಿನ ಚೀಲ, ಇಸ್ತ್ರಿ ಮಾಡಿದ ಬಟ್ಟೆಯ ಶಾಖ ಎಲ್ಲವೂ ಅರಿವಿಲ್ಲದ ಚರ್ಮವನ್ನು ಸುಡುತ್ತವೆ, ರೋಗಿಗೆ ಗೊತ್ತೇ ಆಗುವುದಿಲ್ಲ. ಕೈಕಾಲಿನ ಕೀಲುಗಳನ್ನು ದಿನಕ್ಕೆ ಎರಡು ಸಲ ನಿಧಾನವಾಗಿ ಆಡಿಸುವುದು ಬೇಕು. ಜೋರು ಮಾಡಿ ಬಗ್ಗಿಸುವುದು ಬೇಡ. ತೊಡೆಯ ಸಂದು ಊದಿಕೊಂಡು ಬಗ್ಗದಿದ್ದರೆ ಅಲ್ಲಿ ಹೊಸ ಮೂಳೆ ಬೆಳೆಯುತ್ತಿರಬಹುದು, ಫಿಸಿಯೋಗೆ ಹೇಳಿ.

ಆಸೆಯನ್ನು ನಿಜವಾಗಿ ಕೊಲ್ಲುವುದು ಬಹಳ ಸಲ ಹುರಿಯಲ್ಲ, ಹಾಸಿಗೆ ಹುಣ್ಣು. ಹುಣ್ಣಾದರೆ ಕೂರುವಂತಿಲ್ಲ, ಕೂರದಿದ್ದರೆ ಅಭ್ಯಾಸವಿಲ್ಲ; ಚೇತರಿಸಿಕೊಳ್ಳುವ ಆ ಮೂರು ಬೆಲೆಬಾಳುವ ತಿಂಗಳು ಡ್ರೆಸಿಂಗಿನಲ್ಲಿ ಕಳೆದುಹೋಗುತ್ತವೆ. ಮಲಗಿದ್ದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಪೂರ್ತಿ ಪಕ್ಕಕ್ಕೆ ತಿರುಗಿಸದೆ ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡಿದರೆ ಸೊಂಟದ ಪಕ್ಕದ ಮೂಳೆಗೆ ಒತ್ತಡ ಬೀಳುವುದಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರಲಿ. ಏರ್ ಬೆಡ್ ತಂದ ಮನೆಗಳಲ್ಲಿ ತಿರುಗಿಸುವುದನ್ನು ಬಿಟ್ಟುಬಿಡುತ್ತಾರೆ. ಅದು ಸಹಾಯ ಮಾಡುತ್ತದೆ, ಬದಲಿಯಲ್ಲ. ನಡುವೆ ತೂತಿರುವ ಗಾಳಿಯ ರಿಂಗ್ ಬೇಡ, ಅಂಚಿನ ಸುತ್ತ ರಕ್ತಸಂಚಾರ ನಿಲ್ಲಿಸುತ್ತದೆ. ಗಾಲಿಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಎದೆಯನ್ನು ತೊಡೆಯ ಕಡೆಗೆ ಬಾಗಿಸಿ 2 ನಿಮಿಷ ಇರಬೇಕು. ತಟ್ಟನೆ ಎದ್ದು ಕೂತರೆ ಸಾಲದು, ರಕ್ತ ಮರಳಲು ಅಷ್ಟು ಹೊತ್ತು ಬೇಕು.

ದಿನಕ್ಕೆ ಎರಡು ಸಲ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳುಪಾಗಿ ಮತ್ತೆ ಕೆಂಪಾದರೆ ಇನ್ನೂ ಉಳಿಸಬಹುದು. ಒತ್ತಿದರೂ ಬಣ್ಣ ಬದಲಾಗದಿದ್ದರೆ ಒಳಗೆ ಹಾನಿ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಬಿಸಿ, ಗಟ್ಟಿತನ, ನೀಲಿ ಛಾಯೆ ನೋಡಿ. ಆ ಜಾಗವನ್ನು ತಿಕ್ಕಬೇಡಿ, ಅದರ ಮೇಲೆ ಮಲಗಿಸಲೂಬೇಡಿ. ಮುಂಬಯಿಯ ಮಳೆಗಾಲದಲ್ಲಿ ಹಾಸು ಒಣಗುವುದಿಲ್ಲ ಅನ್ನುವುದು ಸಣ್ಣ ಮಾತಲ್ಲ. ತೇವ ಚರ್ಮ ಬೇಗ ಒಡೆಯುತ್ತದೆ, ಎರಡು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ಮೂತ್ರದ ವಿಷಯದಲ್ಲಿ, ಡಾಕ್ಟರು ಒಪ್ಪಿದರೆ, ಒಳಗೇ ಇರುವ ನಳಿಗೆಗಿಂತ 4ರಿಂದ 6 ಗಂಟೆಗೊಮ್ಮೆ ಹಾಕಿ ತೆಗೆಯುವ ಕ್ಯಾಥೆಟರ್ ಮೇಲು. ಒಂದು ಸಲಕ್ಕೆ 400–500 ಮಿಲಿ ಮೀರಿದರೆ ಅಂತರ ಕಡಿಮೆ ಮಾಡಿ. ಅಳತೆ ಜಗ್ಗು ಇಟ್ಟುಕೊಂಡು ಬರೆದಿಡಿ. ಮೂತ್ರ ಮಬ್ಬಾಗಿದೆ ಅಂತ ಮಾತ್ರಕ್ಕೆ ಆಂಟಿಬಯೋಟಿಕ್ ಕೊಡಬೇಡಿ. ಜ್ವರ, ಹೊಸದಾಗಿ ಸೋರುವುದು, ಸೆಳೆತ ಹೆಚ್ಚುವುದು ಇದ್ದರೆ ಡಾಕ್ಟರ ಹತ್ತಿರ ಹೋಗಿ. ಮಲವಿಸರ್ಜನೆಯನ್ನು ದಿನವೋ ದಿನ ಬಿಟ್ಟು ದಿನವೋ ಒಂದೇ ಹೊತ್ತಿಗೆ, ಊಟವಾದ ಅರ್ಧ ಗಂಟೆಗೆ ಮಾಡಿಸಿ.

ಡಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಂದು ತುರ್ತು ಸ್ಥಿತಿ ಬರುತ್ತದೆ. ಇದು ಗೊತ್ತಿಲ್ಲದ ಡಾಕ್ಟರೂ ಸಿಗುತ್ತಾರೆ. ತಲೆ ಸಿಡಿಯುವ ನೋವು, ಮುಖ ಕೆಂಪು, ಪೆಟ್ಟಿನ ಮೇಲ್ಭಾಗದಲ್ಲಿ ಬೆವರು, ಮೂಗು ಕಟ್ಟುವುದು, ಬಿಪಿ ಏರುವುದು. ಇವರ ಮಾಮೂಲು ಬಿಪಿಯೇ 90ರಿಂದ 110. ಹಾಗಾಗಿ 140 ಅನ್ನುವುದು ಇವರಿಗೆ ಬಹಳ ಹೆಚ್ಚು. ಮಲಗಿಸಬೇಡಿ. ನೆಟ್ಟಗೆ ಕೂರಿಸಿ ಕಾಲು ಕೆಳಗೆ ಬಿಡಿ, ಬೆಲ್ಟು, ಬಟ್ಟೆ ಸಡಿಲಿಸಿ. ನಳಿಗೆ ಮಡಚಿದೆಯೋ ನೋಡಿ, ಮೂತ್ರ ಖಾಲಿ ಮಾಡಿ. ಹತ್ತರಲ್ಲಿ ಎಂಟು ಸಲ ಕಾರಣ ಅಲ್ಲೇ ಇರುತ್ತದೆ ಅನ್ನಬಹುದು. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ. ಮಾಮೂಲು ಬಿಪಿ ಎಷ್ಟೆಂದು ಬರೆದ ಚೀಟಿ ಜೇಬಿನಲ್ಲಿರಲಿ.

ಇನ್ನು ಸ್ಟೆಮ್ ಸೆಲ್, ಅಂದರೆ ಜೀವಕೋಶ ಚುಚ್ಚಿ ಹುರಿ ಸರಿಮಾಡುತ್ತೇವೆ ಅನ್ನುವ ಚಿಕಿತ್ಸೆ. ಒಂದಲ್ಲ ಒಂದು ದಿನ ಯಾರೋ ಜಾಹೀರಾತು ಕಳಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಉಳಿದದ್ದು ಪ್ರಯೋಗ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹಣ ಕೇಳಿದ ಕೂಡಲೇ ಉತ್ತರ ಸಿಕ್ಕಿತು ಅಂದುಕೊಳ್ಳಿ. ನಿಜವಾದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯ ನಂಬರ್ ಇರುತ್ತದೆ, ಕೇಳಿ. ಮೊದಲ ವರ್ಷದಲ್ಲಿ ಚುಚ್ಚಿಸಿಕೊಂಡವರಿಗೆ ಸುಧಾರಣೆ ಕಂಡರೆ ಅದು ತಾನಾಗಿ ಆಗುತ್ತಿದ್ದುದೋ ಚುಚ್ಚುಮದ್ದಿನದೋ ಬೇರ್ಪಡಿಸಲಾಗದು. ಆ ವ್ಯಾಪಾರ ನಡೆಯುವುದೇ ಇದರ ಮೇಲೆ. ಮನೆಯ ಮೇಲೆ ಸಾಲ ತೆಗೆಯುವ ಮುಂಚೆ ಆ ಹಣಕ್ಕೆ ಒಳ್ಳೆಯ ಕುಶನ್ನು, ಅಳತೆಯ ಗಾಲಿಕುರ್ಚಿ, ಒಂದು ವರ್ಷದ ಫಿಸಿಯೋ ಬರುತ್ತದೆಯೇ ನೋಡಿ. ವಿಜ್ಞಾನ ನಿಂತಿಲ್ಲ. ಕುತ್ತಿಗೆಯ ಅಪೂರ್ಣ ಪೆಟ್ಟಾದವರ ಕೈ ಸುಧಾರಿಸಲು ಚರ್ಮದ ಮೇಲಿಂದ ವಿದ್ಯುತ್ ಕೊಡುವ ಒಂದು ಉಪಕರಣಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದೂ ಅಭ್ಯಾಸದ ಜೊತೆಗೆ, ಕೈಗೆ, ಅಪೂರ್ಣ ಪೆಟ್ಟಿಗೆ.

ಹರಕೆಯನ್ನು ಬೇಡ ಅನ್ನುವವರು ನಾವಲ್ಲ. ಕಟೀಲಿಗೋ ಧರ್ಮಸ್ಥಳಕ್ಕೋ ಹೋಗುವುದಾದರೆ ರಾತ್ರಿಯ ರೈಲಿನಲ್ಲೂ ಮಗ್ಗುಲು ಬದಲಿಸುವ ಗಂಟೆ ತಪ್ಪಬಾರದು, ಕೆಳಗಿನ ಬರ್ತ್ ಬೇಕು, ಕ್ಯಾಥೆಟರ್ ಕೈಚೀಲದಲ್ಲಿರಬೇಕು, ಲಗೇಜಿನಲ್ಲಲ್ಲ. ಹುಣ್ಣಿದ್ದರೆ ಅವಸರ ಬೇಡ, ದೇವರು ಕಾದಿರುತ್ತಾನೆ, ವಾಸಿಯಾದ ಮೇಲೆ ಹೋಗಿ.

ಎಲ್ಲಿಗೆ ಹೋಗುವುದು? ಮುಂಬಯಿಯ ಹಾಜಿ ಅಲಿ ಬಳಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇದೆ, 1955ರಿಂದ. ಪುಣೆಯ ಖಡಕಿಯಲ್ಲಿ ಸೈನಿಕರಿಗಾಗಿ ಪ್ಯಾರಾಪ್ಲೆಜಿಕ್ ಕೇಂದ್ರವಿದೆ. ಮುಂಬಯಿಯ ನೀನಾ ಫೌಂಡೇಷನ್ ಬೆನ್ನುಹುರಿಯ ಪೆಟ್ಟಾದವರಿಗಾಗಿಯೇ ಇರುವ ಸಂಸ್ಥೆ. ಅದನ್ನು ಕಟ್ಟಿದ ಕೇತ್ನಾ ಮೆಹ್ತಾ ಅವರೇ ಗಾಲಿಕುರ್ಚಿ ಬಳಸುವವರು. 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿನ ಈಜಿನಲ್ಲಿ ಚಿನ್ನ ಗೆದ್ದ ಮುರಳೀಕಾಂತ್ ಪೇಟ್ಕರ್ ಸಾಂಗಲಿಯವರು. ಆದರೆ ಎರಡನೆಯ ತಿಂಗಳಲ್ಲಿ ಮಲಗಿರುವವನ ಮುಂದೆ ಈ ಹೆಸರು ಹೇಳಿ ಹುರಿದುಂಬಿಸಲು ಹೋಗಬೇಡಿ. ಅದು ಅವನಿಗೆ ಬೈಗುಳದಂತೆ ಕೇಳಬಹುದು. ಅವನೇ ಕೇಳಿದಾಗ ಹೇಳಿ.

"ನಾನು ನಡೀತೀನಾ?" ಅಂತ ಅವನು ಕೇಳುವುದು ಸಾಮಾನ್ಯವಾಗಿ ರಾತ್ರಿ, ನೀವು ಒಬ್ಬರೇ ಇದ್ದಾಗ. "ಖಂಡಿತ" ಅನ್ನಬೇಡಿ, "ಇಲ್ಲ" ಅನ್ನಲೂಬೇಡಿ. ಗೊತ್ತಿರುವುದನ್ನು ಹೇಳಿ: ಗ್ರೇಡ್ ಇದು, ಮುಂದಿನ ಪರೀಕ್ಷೆ ಇಂಥ ತಾರೀಖು, ಅಲ್ಲಿಯವರೆಗೆ ಈ ವಾರ ಕೂರುವ ಹೊತ್ತನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಗೆ ಏರಿಸುವುದು. ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಬೇಕು. ತಾಯಿ ಒಂದು, ಹೆಂಡತಿ ಒಂದು ಹೇಳಿದರೆ ಅವನು ಇಬ್ಬರನ್ನೂ ನಂಬುವುದಿಲ್ಲ. ರಾತ್ರಿಯ ಪಾಳಿಯನ್ನು ಒಬ್ಬರ ತಲೆಗೇ ಕಟ್ಟಬೇಡಿ, ಸಾಮಾನ್ಯವಾಗಿ ಅದು ಸೊಸೆಯ ಪಾಲಿಗೆ ಬರುತ್ತದೆ. 10ರಿಂದ 2 ಒಬ್ಬರು, 2ರಿಂದ 6 ಇನ್ನೊಬ್ಬರು. ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಮಗ್ಗುಲು ಬದಲಿಸುವುದನ್ನೇ ಮರೆಯುತ್ತಾರೆ.

ಕೊನೆಯದಾಗಿ, ಎದ್ದು ನಡೆಯಲು ಶುರುಮಾಡಿದವರ ಮನೆಯಲ್ಲಿ ಆಗುವ ತಪ್ಪೊಂದಿದೆ. ಕಾಲು ಬಂದ ಖುಷಿಯಲ್ಲಿ ಮೂತ್ರಕೋಶವನ್ನು ಮರೆತುಬಿಡುತ್ತಾರೆ. ಕಾಲಿನ ಜೊತೆಗೆ ಅದೂ ಸರಿಯಾಗಿರುತ್ತದೆ ಅನ್ನುವಂತಿಲ್ಲ. ಒಳಗೆ ಉಳಿದ ಮೂತ್ರ, ಹೆಚ್ಚಿದ ಒತ್ತಡ ಸದ್ದಿಲ್ಲದೆ ಕಿಡ್ನಿ ಕೆಡಿಸುತ್ತವೆ. ನಡೆಯುವವರಿರಲಿ, ಗಾಲಿಕುರ್ಚಿಯವರಿರಲಿ, ವರ್ಷಕ್ಕೊಮ್ಮೆ ಕಿಡ್ನಿಯ ಸೋನೋಗ್ರಫಿ, ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಳತೆ), ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯಿತು ಅನ್ನುವ ಅಳತೆ ಇಷ್ಟನ್ನೂ ಮಾಡಿಸಿ, ರಿಪೋರ್ಟನ್ನು ಆ 72 ಗಂಟೆಯ ಪರೀಕ್ಷೆಯ ಕಾಗದದ ಜೊತೆಗೇ ಇಡಿ.

ನಮಸ್ಕಾರ.